ದೇವರು ನನ್ನ ಮಾತು ಕೇಳಿಬಿಟ್ಟ, ಈಗ ಅವನ ಮುಂದೆ ನಿಲ್ಲಲು ಆಗುತ್ತಿಲ್ಲ

ನಿಟ್ಟುವಳ್ಳಿಯವಳು:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು. ಮನೆಯ ಮುಂದಿನ ಕೋಣೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಫಾಲ್ ಪಿಕೋ ಮಾಡುತ್ತೇನೆ. ನೀವೆಲ್ಲ ಬರೆಯುವುದನ್ನು ಬಹಳ ದಿನದಿಂದ ಓದುತ್ತಿದ್ದೇನೆ, ನಾನು ಬರೆಯುತ್ತಿರುವುದು ಇದೇ ಮೊದಲು. ಉದ್ದ ಆಗಬಹುದು, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಯಜಮಾನರು ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಮೆಕ್ಕೆಜೋಳದ ಸೀಸನ್ನಿನಲ್ಲಿ ರಾತ್ರಿ ಹತ್ತಾದರೂ ಮನೆ ಸೇರುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಮೊದಲಿನಿಂದ ಇತ್ತು. ಬಿಪಿ ಆಮೇಲೆ ಸೇರಿಕೊಂಡಿತು. ಎರಡೂ ಸೇರಿ ಕಿಡ್ನಿ ತಿಂದುಹಾಕಿದವು. ಕೊನೆಗೆ ಡಯಾಲಿಸಿಸ್. ಸೋಮವಾರ, ಬುಧವಾರ, ಶುಕ್ರವಾರ, ಬೆಳಗಿನ ಮೊದಲ ಪಾಳಿ, ನಾಲ್ಕು ಗಂಟೆ ಹೊತ್ತು.

ಡಯಾಲಿಸಿಸ್ ಇರುವ ಮನೆ ಹೇಗಿರುತ್ತದೆ ಅಂತ ಗೊತ್ತಿರುವವರಿಗೆ ಜಾಸ್ತಿ ಹೇಳಬೇಕಾಗಿಲ್ಲ. ನೀರು ದಿನಕ್ಕೆ ಒಂದು ಲೀಟರಿನೊಳಗೆ. ಕಾಫಿ, ಸಾರು, ಮಜ್ಜಿಗೆ ಎಲ್ಲ ಅದರಲ್ಲೇ ಲೆಕ್ಕ. ನಮ್ಮೂರಿನ ಏಪ್ರಿಲ್ ಬಿಸಿಲು ನಿಮಗೆ ಗೊತ್ತಲ್ಲ. ಬಾಟ್ಲಿಗೆ ಪೆನ್ನಿನಲ್ಲಿ ಗೆರೆ ಹಾಕಿ ಇಡುತ್ತಿದ್ದೆ. ಅವರು ಆ ಗೆರೆ ನೋಡುವುದು, ನಾನು ಅವರನ್ನು ನೋಡುವುದು. ಎಳನೀರು ಇಲ್ಲ, ಬಾಳೆಹಣ್ಣು ಇಲ್ಲ, ಟೊಮೆಟೊ ಇಲ್ಲ. ತರಕಾರಿ ಹೆಚ್ಚಿ ನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ ಆಮೇಲೆ ಬೇಯಿಸಬೇಕು. ಬೆಣ್ಣೆ ದೋಸೆ ಅಂದರೆ ಅವರಿಗೆ ಪ್ರಾಣ. ಆಲೂಗಡ್ಡೆ ಪಲ್ಯ ಪಕ್ಕಕ್ಕೆ ಸರಿಸಿ ಬರೀ ದೋಸೆ ತಿನ್ನುತ್ತಿದ್ದರು.

ಎಡಗೈಗೆ ಫಿಸ್ಟುಲಾ ಮಾಡಿದ್ದರು. ಎರಡು ರಕ್ತನಾಳ ಕೂಡಿಸಿ ಹೊಲಿದಿರುತ್ತಾರೆ, ಸೂಜಿ ಚುಚ್ಚುವುದು ಅಲ್ಲೇ. ಅದರ ಮೇಲೆ ಅಂಗೈ ಇಟ್ಟರೆ ಒಳಗೆ ಗುಂಯ್ ಅನ್ನುತ್ತಿರುತ್ತದೆ. ಓಡುತ್ತಿರುವ ಮೋಟಾರ್ ಮಷೀನಿನ ಮೇಲೆ ಕೈ ಇಟ್ಟ ಹಾಗೆ. ಅದು ನಿಂತರೆ ತಕ್ಷಣ ಬನ್ನಿ ಅಂತ ಆಸ್ಪತ್ರೆಯಲ್ಲಿ ಹೇಳಿದ್ದರು. ಹಾಗಾಗಿ ರಾತ್ರಿ ಎಚ್ಚರವಾದಾಗಲೆಲ್ಲ ಕತ್ತಲಲ್ಲೇ ಕೈ ಹಾಕಿ ನೋಡುವುದು ಅಭ್ಯಾಸ ಆಗಿಹೋಗಿತ್ತು. ಗುಂಯ್ ಅಂದರೆ ಮತ್ತೆ ಮಲಗುವುದು.

ಕೊನೆಕೊನೆಗೆ ಅವರಿಗೆ ಮೈಯೆಲ್ಲ ನವೆ. ಚರ್ಮದ ಮೇಲೆ ಏನೂ ಕಾಣುತ್ತಿರಲಿಲ್ಲ, ಒಳಗಿನಿಂದ ಬರುವ ತುರಿಕೆ. ರಾತ್ರಿ ಹೊತ್ತು ಜಾಸ್ತಿ. ಕೊಬ್ಬರಿ ಎಣ್ಣೆ ಹಚ್ಚಿ ಒರಟು ಟವೆಲ್ಲಿನಲ್ಲಿ ಬೆನ್ನು ಉಜ್ಜುತ್ತಿದ್ದೆ. ಕಾಲ್ಬೆರಳು ಒಂದು ತೆಗೆದಿದ್ದರು, ಆ ಗಾಯ ಮಾಯಲೇ ಇಲ್ಲ. ಒಂದು ಶನಿವಾರ ರಾತ್ರಿ ಅವರು ಗೋಡೆಗೆ ಬೆನ್ನು ತಿಕ್ಕುತ್ತಾ ಅತ್ತುಬಿಟ್ಟರು. ಮಾವನವರು ಲಿಂಗೈಕ್ಯರಾದಾಗಲೂ ಅಳದ ಮನುಷ್ಯ. "ಸಾಕು ಕಣೇ, ನನ್ನ ಕೈಲಿ ಆಗಲ್ಲ" ಅಂದರು.

ಅವರಿಗೆ ನಿದ್ದೆ ಹತ್ತಿದ ಮೇಲೆ ಕೈಕಾಲು ತೊಳೆದುಕೊಂಡೆ. ವಿಭೂತಿ ಹಚ್ಚಿಕೊಂಡೆ. ಕರಡಿಗೆಯಿಂದ ಇಷ್ಟಲಿಂಗ ತೆಗೆದು ಅಂಗೈಯಲ್ಲಿ ಇಟ್ಟುಕೊಂಡು ಕೂತೆ. ಚಿಕ್ಕಂದಿನಿಂದ ಪೂಜೆ ಮಾಡಿದವಳು ನಾನು, ಇದು ಕೊಡು ಅದು ಕೊಡು ಅಂತ ಬೇಡಿಕೊಂಡವಳಲ್ಲ. ಅವತ್ತು ಬಾಯಿ ಬಿಟ್ಟು ಕೇಳಿದೆ. "ಇವರನ್ನ ಕರಕೊಂಡುಬಿಡು ಶಿವನೇ, ಸಾಕು."

ಭಾನುವಾರ ಅವರು ಗೆಲುವಾಗಿದ್ದರು. ದೋಸೆ ತರಿಸಿಕೊಂಡು ತಿಂದರು. ಸೋಮವಾರ ಬೆಳಗಿನ ಜಾವ ಡಯಾಲಿಸಿಸ್‌ಗೆ ಎಬ್ಬಿಸೋಣ ಅಂತ ಕೈ ಚಾಚಿದೆ. ಗುಂಯ್ ಇರಲಿಲ್ಲ. ಕೈ ಇನ್ನೂ ಬೆಚ್ಚಗಿತ್ತು.

ಹೋದ ವರ್ಷ ಬೇಸಿಗೆಯ ಮಾತು ಇದು. ಮಾತಾಡಿಸಲು ಬಂದವರು ಹೇಳಿದ್ದು ಎರಡೇ. "ಪುಣ್ಯಾತ್ಮ, ನಿದ್ದೆಯಲ್ಲೇ ಶಿವನ ಪಾದ ಸೇರಿದ." "ನಿನ್ನಂಥ ಹೆಂಡತಿ ಸಿಗೋಕೂ ಪುಣ್ಯ ಮಾಡಿರಬೇಕು." ಎರಡನೇ ಮಾತು ಕೇಳಿದಾಗಲೆಲ್ಲ ಎದ್ದು ಒಳಗೆ ಹೋಗುತ್ತಿದ್ದೆ. ದುಃಖ ತಡೆಯಲಾಗಲಿಲ್ಲ ಅಂದುಕೊಳ್ಳುತ್ತಿದ್ದರು.

ಅವತ್ತಿನಿಂದ ಕರಡಿಗೆ ತೆರೆದಿಲ್ಲ. ಕೊರಳಲ್ಲಿದೆ, ತೆಗೆದಿಟ್ಟಿಲ್ಲ. ಆದರೆ ತೆರೆಯುವುದಿಲ್ಲ. ಅತ್ತೆ ನನ್ನ ಜೊತೆಯೇ ಇದ್ದಾರೆ. ಬೆಳಗ್ಗೆ ಅವರ ಪೂಜೆಗೆ ನೀರು, ಪತ್ರೆ ನಾನೇ ಇಡುತ್ತೇನೆ. ಇಟ್ಟು ಅಡುಗೆಮನೆಗೆ ಬಂದುಬಿಡುತ್ತೇನೆ. ಬೆಳಗಿನ ಜಾವ ತಾನಾಗಿಯೇ ಎಚ್ಚರವಾಗುತ್ತದೆ, ಆಮೇಲೆ ನಿದ್ದೆ ಇಲ್ಲ. ಊಟ ಸೇರುವುದಿಲ್ಲ. ತೋಳಿನ ಅಳತೆ ತಪ್ಪಿ ಬ್ಲೌಸ್ ಬಿಚ್ಚಿ ಹೊಲಿಯುವುದು ದಿನದ ಕೆಲಸ ಆಗಿದೆ.

ನನ್ನ ಅಕ್ಕ "ಏನೋ ಗಾಳಿ ಸೋಕಿದೆ" ಅಂತ ಅಮಾವಾಸ್ಯೆಗೆ ಉಕ್ಕಡಗಾತ್ರಿಗೆ ಕರೆದುಕೊಂಡು ಹೋದಳು. ಹೊಳೆಯಲ್ಲಿ ಸ್ನಾನ ಮಾಡಿಸಿದಳು. ಅಜ್ಜಯ್ಯನ ಗದ್ದುಗೆಯ ಸಾಲಿನಲ್ಲಿ ನಿಂತೆ. ಅಲ್ಲಿ ಕೂದಲು ಬಿಟ್ಟುಕೊಂಡು ಕೂಗಾಡುತ್ತಿದ್ದ ಹೆಣ್ಣುಮಕ್ಕಳನ್ನು ನೋಡಿ ಹೊಟ್ಟೆಕಿಚ್ಚಾಯಿತು. ಇವರಾದರೂ ಕೂಗುತ್ತಾರಲ್ಲ ಅನ್ನಿಸಿತು. ಗದ್ದುಗೆ ಹತ್ತಿರ ಬರುತ್ತಿದ್ದ ಹಾಗೆ ಸಾಲು ಬಿಟ್ಟು ಹೊರಗೆ ಬಂದೆ. ತಲೆ ಸುತ್ತಿತು ಅಂತ ಅಕ್ಕನಿಗೆ ಹೇಳಿದೆ.

ಗಂಡನ ಸಾವು ಬೇಡಿಕೊಂಡವಳನ್ನು ದೇವರು ಹತ್ತಿರ ಸೇರಿಸುತ್ತಾನಾ? ಹೀಗೆ ದೂರ ಆಗಿ ಮತ್ತೆ ಹೋದವರು ಯಾರಾದರೂ ಇದ್ದೀರಾ? ಸುಮ್ನೆ "ದೇವರು ದೊಡ್ಡವನು" ಅಂತ ಮಾತ್ರ ಬರೆಯಬೇಡಿ. ಅದು ಗೊತ್ತಿದ್ದೇ ಹೆದರಿಕೆ.

ಚಳ್ಳಕೆರೆ ಗಾಣ:

ಅಕ್ಕಾ, ಎಲ್ಲಾ ಅವರವರ ಆಯುಷ್ಯ. ನಮ್ಮ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗೆ ಹರಕೆ ಕಟ್ಟಿಕೊಳ್ಳಿ. ಜಾತ್ರೆಗೆ ಬಂದು ಕೊಬ್ಬರಿ ಸುಟ್ಟು ಹೋಗಿ. ನಮ್ಮಮ್ಮನಿಗೆ ವರ್ಷಗಟ್ಟಲೆ ಇದ್ದ ತಲೆನೋವು ಹೋಗಿದ್ದು ಹಾಗೆಯೇ. ನಂಬಿ ಕೆಟ್ಟವರಿಲ್ಲ.

ನಿಟ್ಟುವಳ್ಳಿಯವಳು:

ನಿಮ್ಮ ಒಳ್ಳೆಯ ಮನಸ್ಸಿಗೆ ನಮಸ್ಕಾರ ತಮ್ಮಾ. ಆದರೆ ಹರಕೆ ಕಟ್ಟಬೇಕು ಅಂದರೆ ಮತ್ತೆ ಏನಾದರೂ ಕೇಳಬೇಕಲ್ಲ. ನನಗೆ ಕೇಳುವುದಕ್ಕೇ ಭಯ. ಮಗಳಿಗೆ ಪರೀಕ್ಷೆ ಇದ್ದಾಗಲೂ ಒಂದು ಮಾತು ಬೇಡಿಕೊಳ್ಳಲಿಲ್ಲ. ಏನು ಕೇಳಿದರೆ ಏನಾಗುತ್ತದೋ ಅಂತ.

ಪಾಳಿ ಸಿಸ್ಟರ್:

ಅಕ್ಕಾ, ನಾನು ಡಯಾಲಿಸಿಸ್ ಯೂನಿಟ್ಟಿನಲ್ಲಿ ನರ್ಸ್. ಯಾವ ಊರು, ಯಾವ ಆಸ್ಪತ್ರೆ ಅನ್ನುವುದು ಬೇಡ. ದೇವರ ವಿಷಯ ಬಲ್ಲವರು ಹೇಳಲಿ, ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ನೀವು ಬರೆದ ವಾರಗಳನ್ನು ಮತ್ತೆ ನೋಡಿ. ಸೋಮ, ಬುಧ, ಶುಕ್ರ ಪಾಳಿಯವರಿಗೆ ಶುಕ್ರವಾರ ಬಿಟ್ಟರೆ ಸೋಮವಾರವೇ. ವಾರದಲ್ಲಿ ಅದೇ ದೊಡ್ಡ ಅಂತರ. ಮಂಗಳ, ಗುರು, ಶನಿ ಪಾಳಿಯವರಿಗೆ ಶನಿವಾರದಿಂದ ಮಂಗಳವಾರದವರೆಗೆ. ಆ ಅಂತರದ ಕೊನೆಯ ಹೊತ್ತಿಗೆ ಮೈಯಲ್ಲಿ ನೀರೂ ಏರಿರುತ್ತದೆ, ಪೊಟ್ಯಾಶಿಯಮ್ಮೂ ಏರಿರುತ್ತದೆ. ಹೃದಯದ ಬಡಿತ ಇದ್ದಕ್ಕಿದ್ದಂತೆ ತಪ್ಪುವುದು ಆಗಲೇ ಜಾಸ್ತಿ. ಇದು ನಾನು ಕಟ್ಟಿ ಹೇಳುವ ಮಾತಲ್ಲ. ಅಮೆರಿಕದಲ್ಲಿ ಮೂವತ್ತೆರಡು ಸಾವಿರ ಡಯಾಲಿಸಿಸ್ ರೋಗಿಗಳ ಲೆಕ್ಕ ಹಾಕಿ ನೋಡಿದ್ದಾರೆ, 2011ರಲ್ಲಿ ಅದು ಪ್ರಕಟ ಆಗಿದೆ. ಎರಡು ದಿನದ ಅಂತರ ಮುಗಿಯುವ ದಿನವೇ ಸಾವು ಹೆಚ್ಚು ಅಂತ ಅದರಲ್ಲಿ ಕಂಡುಬಂದಿತ್ತು. ಸೋಮವಾರ ಬೆಳಗ್ಗೆ ಪಾಳಿಗೆ ಬಂದಾಗ ಒಂದು ಬೆಡ್ ಖಾಲಿ ಇದ್ದರೆ ನಾವು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತೇವೆ. ಯಾರೂ ಬಾಯಿ ಬಿಟ್ಟು ಕೇಳುವುದಿಲ್ಲ.

ಸಕ್ಕರೆ ಕಾಯಿಲೆ, ಬಿಪಿ, ಮಾಯದ ಗಾಯ, ಡಯಾಲಿಸಿಸ್. ನಿಮ್ಮ ಯಜಮಾನರ ಹೃದಯ ಎಷ್ಟು ದಣಿದಿತ್ತು ಅಂತ ನಾನು ಊಹೆ ಮಾಡಬಲ್ಲೆ. ಭಾನುವಾರದ ದೋಸೆಯಿಂದಲೂ ಹೋಗಲಿಲ್ಲ. ಅದನ್ನೂ ತಲೆಗೆ ಹಾಕಿಕೊಂಡಿರುತ್ತೀರಿ ಅಂತ ಗೊತ್ತು, ಅದಕ್ಕೇ ಹೇಳುತ್ತಿದ್ದೇನೆ.

ಇನ್ನೊಂದು ಮಾತು. ನಮ್ಮ ಯೂನಿಟ್ಟಿನ ಹೊರಗೆ ಬೆಂಚಿನ ಮೇಲೆ ಹೆಂಡತಿಯರು, ಅಮ್ಮಂದಿರು ಕೂತಿರುತ್ತಾರೆ. ಬಿಪಿ ನೋಡುವ ನೆಪದಲ್ಲಿ ನಾನು ಹೋಗಿ ಕೂರುತ್ತೇನೆ. ನೀವು ಶನಿವಾರ ರಾತ್ರಿ ಕೇಳಿದ್ದನ್ನು ಕೇಳದೇ ಇರುವವರು ಅಲ್ಲಿ ಕಡಿಮೆ. ಒಬ್ಬರು ವಾರ ವಾರ ಕೇಳುತ್ತಾರೆ, ಅವರ ಯಜಮಾನರು ಇವತ್ತೂ ಬಂದು ನನ್ನ ಹತ್ತಿರ ಜಗಳ ಆಡಿ ಹೋದರು, ನೀರು ಜಾಸ್ತಿ ತೆಗೆದೆ ಅಂತ.

ಈಗ ನಿಮ್ಮ ವಿಷಯ. ಬೆಳಗಿನ ಜಾವ ಎಚ್ಚರ, ಊಟ ಸೇರದು, ಕೆಲಸದಲ್ಲಿ ಗಮನ ಇಲ್ಲ, ನಾನು ಪಾಪಿ, ನಾನು ಯಾತಕ್ಕೂ ಬಾರದವಳು ಅನ್ನುವ ಯೋಚನೆ. ಅಕ್ಕಾ, ಇದಿಷ್ಟೂ ಖಿನ್ನತೆಯ ಲಕ್ಷಣಗಳು. ಆ ಕೊನೆಯದೂ ಸೇರಿ. ಅದು ಕಾಯಿಲೆಯೂ ಆಡಿಸುವ ಮಾತು, ಪೂರ್ತಿ ನಿಮ್ಮದಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ರೋಗದ ಡಾಕ್ಟರ್ ಇರುತ್ತಾರೆ. ತಾಲ್ಲೂಕು ಆಸ್ಪತ್ರೆಗಳಿಗೂ ಮನೋಚೈತನ್ಯ ಅಂತ ಸರ್ಕಾರದ ಕಾರ್ಯಕ್ರಮ ಇದೆ, ಮಂಗಳವಾರ ನೋಡುತ್ತಾರೆ. ಹೋಗಲು ಮುಜುಗರ ಆದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ದುಡ್ಡಿಲ್ಲ, ರಾತ್ರಿ ಹಗಲು ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ನೇರವಾಗಿ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಸತ್ತುಹೋಗಬೇಕು ಅನ್ನಿಸುತ್ತಿದೆಯಾ? ಹೌದು ಅಂದರೆ ನಾಳೆ ಅನ್ನಬೇಡಿ, ಇವತ್ತೇ ಫೋನ್ ಮಾಡಿ.

ನಿಟ್ಟುವಳ್ಳಿಯವಳು:

ಹಾಗೇನೂ ಇಲ್ಲ ಸಿಸ್ಟರ್. ಮಗಳಿದ್ದಾಳೆ, ಅತ್ತೆ ಇದ್ದಾರೆ. ಆದರೆ ಎದ್ದೇಳದೇ ಇದ್ದರೆ ಚೆನ್ನಾಗಿತ್ತು ಅಂತ ಒಮ್ಮೊಮ್ಮೆ ಅನ್ನಿಸುತ್ತದೆ. ಎರಡು ದಿನದ ಅಂತರದ ವಿಷಯ ನನಗೆ ಗೊತ್ತೇ ಇರಲಿಲ್ಲ. ನೀವು ಬರೆದದ್ದನ್ನು ತಿರುಗಿ ತಿರುಗಿ ಓದಿದೆ.

ಪಾಳಿ ಸಿಸ್ಟರ್:

ಆ ಒಮ್ಮೊಮ್ಮೆಯದನ್ನೂ ಡಾಕ್ಟರಿಗೆ ಹೀಗೇ ಹೇಳಿ. ಮುಚ್ಚಿಡಬೇಡಿ.

ಬರೀ ಲಾಜಿಕ್:

ಪ್ರಾರ್ಥನೆಯಿಂದ ಯಾರೂ ಸಾಯುವುದಿಲ್ಲ, ಬದುಕುವುದೂ ಇಲ್ಲ. ದೇವರೇ ಇಲ್ಲ ಅಂದುಕೊಳ್ಳಿ, ನಿಮ್ಮ ಸಮಸ್ಯೆ ಇಲ್ಲಿಗೇ ಮುಗಿಯಿತು.

ನಿಟ್ಟುವಳ್ಳಿಯವಳು:

ಇಲ್ಲ ಅಂದುಕೊಂಡರೆ ಸಿಟ್ಟು ಯಾರ ಮೇಲೆ ಮಾಡಲಿ ತಮ್ಮಾ?

ದುರ್ಗದ ಮೇಷ್ಟ್ರು:

ತಂಗೀ, ನಾನು ಚಿತ್ರದುರ್ಗದವನು, ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮೊದಲೆಲ್ಲ ಸಂಜೆ ಕೋಟೆ ಹತ್ತಿ ಕೂರುತ್ತಿದ್ದೆ. ಈಗ ಮೊಣಕಾಲು ಕೇಳುವುದಿಲ್ಲ, ಫೋನೇ ಗತಿ. ಸಿಸ್ಟರ್ ಹೇಳಿದ್ದಕ್ಕೆ ನನ್ನದೂ ಒಂದು ಸಹಿ. ಮೊದಲು ಡಾಕ್ಟರ್. ಆಮೇಲೆ ನನ್ನ ಪುರಾಣ ಓದು.

ನಿನ್ನ ಕೊರಳಿಗೆ ಲಿಂಗ ಬಂದದ್ದು ಯಾವಾಗ ಅಂತ ಯೋಚನೆ ಮಾಡಿದ್ದೀಯಾ? ನಮ್ಮಲ್ಲಿ ಮಗು ಹೊಟ್ಟೆಯಲ್ಲಿರುವಾಗಲೇ ಎಂಟನೇ ತಿಂಗಳಲ್ಲಿ ಗರ್ಭಕ್ಕೆ ಲಿಂಗಧಾರಣೆ ಮಾಡುವ ಪದ್ಧತಿ ಇದೆ. ಹುಟ್ಟಿದ ಮೇಲೆ ಜಂಗಮರು ಬಂದು ಕೂಸಿಗೆ ಲಿಂಗ ಕಟ್ಟುತ್ತಾರೆ. ದೀಕ್ಷೆ ಕೊಡುವುದು ಎಷ್ಟೋ ವರ್ಷ ಆದಮೇಲೆ. ಆ ಕೂಸು ಏನು ಸಾಧನೆ ಮಾಡಿರುತ್ತದೆ? ಹಾಲು ಕಕ್ಕುವುದು ಬಿಟ್ಟು ಏನೂ ಇಲ್ಲ. ಯೋಗ್ಯತೆ ನೋಡಿ ಕಟ್ಟುವ ಹಾಗಿದ್ದರೆ ಕೂಸಿಗೆ ಯಾಕೆ ಕಟ್ಟುತ್ತಿದ್ದರು? ಹೋಗುವಾಗಲೂ ಅಷ್ಟೇ. ನಿನ್ನ ಯಜಮಾನರನ್ನು ಸಮಾಧಿಯಲ್ಲಿ ಕೂರಿಸಿದಾಗ ಅವರ ಲಿಂಗ ಅವರ ಜೊತೆಗೇ ಹೋಯಿತು. ಇವನು ಒಳ್ಳೆಯವನಾ ಕೆಟ್ಟವನಾ ಅಂತ ಆಗಲೂ ಯಾರೂ ಪರೀಕ್ಷೆ ಇಡಲಿಲ್ಲ.

ನಮ್ಮ ಜನ ಪಂಚಸೂತಕ ಇಲ್ಲ ಅಂತ ಬಾಯಲ್ಲಿ ಹೇಳುತ್ತಾರೆ. ಹುಟ್ಟಿದ್ದಕ್ಕೆ, ಸತ್ತಿದ್ದಕ್ಕೆ, ಮುಟ್ಟಿಗೆ, ಎಂಜಲಿಗೆ, ಜಾತಿಗೆ, ಯಾವುದಕ್ಕೂ ಲಿಂಗಧಾರಿಗೆ ಮೈಲಿಗೆ ಇಲ್ಲ. ಆಚರಣೆಯಲ್ಲಿ ಎಷ್ಟು ಜನ ಪಾಲಿಸುತ್ತಾರೆ ಅನ್ನುವುದು ಬೇರೆ ಮಾತು, ಅದನ್ನು ಹಿಡಿದು ಕೂತರೆ ನನಗೆ ಬಿಪಿ ಏರುತ್ತದೆ. ನೀನು ಆರನೆಯದೊಂದು ಸೂತಕ ಕಟ್ಟಿಕೊಂಡು ಕೂತಿದ್ದೀಯ. ಬೇಡಿದ್ದಕ್ಕೆ ಸೂತಕ. ಇದು ಎಲ್ಲಿಯೂ ಇಲ್ಲ.

12ನೇ ಶತಮಾನದ ಕಲ್ಯಾಣದಲ್ಲಿ ಯಾರು ಯಾರು ಇದ್ದರು ನೋಡು. ಮನೆಗಳಿಗೆ ಕನ್ನ ಹಾಕುತ್ತಿದ್ದ ಮಾರಿತಂದೆ ಇದ್ದ, ಹೆಂಡದ ಮಾರಯ್ಯ ಇದ್ದ, ವೇಶ್ಯೆಯಾಗಿದ್ದ ಸಂಕವ್ವೆ ಇದ್ದಳು. ಮೊದಲು ಶುದ್ಧವಾಗಿ ಬನ್ನಿ ಅಂತ ಬಾಗಿಲಲ್ಲಿ ನಿಲ್ಲಿಸಿದ್ದಿದ್ದರೆ ಅನುಭವ ಮಂಟಪ ಅರ್ಧ ಖಾಲಿ ಇರುತ್ತಿತ್ತು.

ಇನ್ನು ನೀನು ಬೇಡಿದ ಬೇಡಿಕೆ. ನನ್ನ ಜೊತೆ ಸಂಸ್ಕೃತ ಪಾಠ ಮಾಡುತ್ತಿದ್ದ ಸಹೋದ್ಯೋಗಿ ಒಬ್ಬರು ಗುಡಿಯಿಂದ ಹೊರಗೆ ಬಂದಾಗಲೆಲ್ಲ ಕಟ್ಟೆಯ ಮೇಲೆ ಒಂದು ನಿಮಿಷ ಕೂತು ಒಂದು ಶ್ಲೋಕ ಹೇಳುತ್ತಿದ್ದರು. ಅನಾಯಾಸೇನ ಮರಣಂ, ವಿನಾ ದೈನ್ಯೇನ ಜೀವನಂ. ನರಳದೆ ಸಾಯಬೇಕು, ಕೈಚಾಚದೆ ಬದುಕಬೇಕು. ಎಷ್ಟೋ ತಲೆಮಾರಿನ ಜನ ದೇವರ ಹತ್ತಿರ ಕೇಳಿಕೊಂಡು ಬಂದದ್ದು ಅದನ್ನೇ. ನೀನು ನಿನ್ನ ಗಂಡನ ಪರವಾಗಿ ಕೇಳಿದೆ. ಅವರೂ ಅವತ್ತು ಅದನ್ನೇ ಅಂದಿದ್ದರಲ್ಲ, ಸಾಕು ಅಂತ.

ನಿಟ್ಟುವಳ್ಳಿಯವಳು:

ಮೇಷ್ಟ್ರೇ, ನೀವು ಬರೆದದ್ದು ಓದಿ ಅತ್ತುಬಿಟ್ಟೆ. ಆದರೆ ಅವರ ಪರವಾಗಿ ಕೇಳಿದೆ ಅಂದಿರಲ್ಲ, ಅಲ್ಲೇ ನನಗೆ ಮುಳ್ಳು ಚುಚ್ಚುವುದು. ಮೊದಲು ಬರೆಯುವಾಗ ಇದನ್ನು ಬರೆಯಲಿಲ್ಲ. ಬರೆಯಲು ಕೈ ಬರಲಿಲ್ಲ.

ಅವತ್ತು ರಾತ್ರಿ ನನಗೆ ಬೇಕಾಗಿದ್ದು ನಿದ್ದೆ. ಅವರ ನೋವು ನೋಡಲಾಗುತ್ತಿರಲಿಲ್ಲ, ಅದು ನಿಜ. ಆದರೆ ಬೆನ್ನು ಉಜ್ಜಿ ಉಜ್ಜಿ ನನ್ನ ಕೈ ಬಿದ್ದುಹೋಗುತ್ತಿತ್ತು, ಅದೂ ನಿಜ. ಮದುವೆ ಸೀಸನ್, ಹನ್ನೊಂದು ಗಂಟೆಯ ಮೇಲೆ ಹೊಲಿಯಲು ಕೂರಬೇಕಿತ್ತು. ಇನ್ನು ಎಷ್ಟು ದಿನ ಹೀಗೆ ಅಂತ ಲೆಕ್ಕ ಹಾಕಿದ್ದೇನೆ. ಅವರನ್ನು ಕರಕೊಂಡುಬಿಡು ಅಂದಾಗ ನನ್ನನ್ನು ಬಿಟ್ಟುಬಿಡು ಅಂತಲೂ ಅದರೊಳಗೆ ಇತ್ತು. ದೇವರಿಗೆ ಅದು ತಿಳಿಯಲಿಲ್ಲ ಅಂತೀರಾ? ಸೋಮವಾರ ರಾತ್ರಿ ಎಲ್ಲರೂ ಹೋದ ಮೇಲೆ ನಾನು ಸತ್ತವಳ ಹಾಗೆ ಮಲಗಿ ನಿದ್ದೆ ಮಾಡಿದೆ. ಎಷ್ಟೋ ತಿಂಗಳ ಮೇಲೆ ಬಂದ ನಿದ್ದೆ. ಬೆಳಗ್ಗೆ ಎದ್ದಾಗ ಒಂದು ಕ್ಷಣ ಮೈ ಹಗುರ ಅನ್ನಿಸಿತು. ಆ ಒಂದು ಕ್ಷಣವನ್ನು ನನಗೆ ನುಂಗಲು ಆಗುತ್ತಿಲ್ಲ.

ಹೊಳೆದಂಡೆ:

ಅಕ್ಕಾ, ನಾನು ಹರಿಹರದವಳು, ಕ್ರೈಸ್ತರು ನಾವು. ನಮ್ಮ ಕಡೆಗೆ ಬನ್ನಿ ಅಂತ ಕರೆಯಲು ಬರೆಯುತ್ತಿಲ್ಲ. ನಿಮ್ಮ ಕೊನೆಯ ಮಾತು ಓದಿ ಸುಮ್ನೆ ಇರಲು ಆಗಲಿಲ್ಲ.

ನಮ್ಮಮ್ಮನಿಗೆ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಿದ್ದರು. ತಿರುಗಿಸಿ ಮಲಗಿಸುವುದು, ಒರೆಸುವುದು, ಗಂಜಿ ಕುಡಿಸುವುದು ಎಲ್ಲ ನಾನೊಬ್ಬಳೇ. ಒಂದು ದಿನ ಪಾಪನಿವೇದನೆಗೆ ಹೋಗಿ ಜಾಲರಿಯ ಈಚೆ ಮಂಡಿಯೂರಿ ಹೇಳಿದೆ. "ಫಾದರ್, ಅಮ್ಮ ಬೇಗ ಹೋಗಲಿ ಅಂತ ಪ್ರಾರ್ಥನೆ ಮಾಡುತ್ತಿದ್ದೇನೆ, ನನಗೆ ಸಾಕಾಗಿದೆ." ಆಚೆಯಿಂದ ಬೈಗುಳ ಬರುತ್ತದೆ ಅಂದುಕೊಂಡಿದ್ದೆ. ಅವರು ಕೇಳಿದ್ದು, "ನೀನು ಈಗ ಇಲ್ಲಿದ್ದೀಯ, ಅಮ್ಮನ ಹತ್ತಿರ ಯಾರಿದ್ದಾರೆ?" ಬಾಗಿಲಿಗೆ ಬೀಗ ಹಾಕಿಕೊಂಡು ಬಂದಿದ್ದೆ. ಅದನ್ನು ಹೇಳಿದೆ. ಮುಂದಿನ ವಾರದಿಂದ ನಮ್ಮ ಬೀದಿಯ ಇಬ್ಬರು ಹೆಂಗಸರು ಸರದಿ ಮೇಲೆ ಸಂಜೆ ಬಂದು ಕೂರಲು ಶುರು ಮಾಡಿದರು. ನಾನು ಆ ಹೊತ್ತಿನಲ್ಲಿ ಮಲಗುತ್ತಿದ್ದೆ. ಪ್ರಾರ್ಥನೆ ಅಲ್ಲ, ನಿದ್ದೆ. ಅಮ್ಮ ಆಮೇಲೂ ಬಹಳ ದಿನ ಇದ್ದರು.

ನಮ್ಮಲ್ಲಿ ಸಂತ ಜೋಸೆಫರ ಹತ್ತಿರ ಒಳ್ಳೆಯ ಮರಣ ಕೊಡಿಸಿ ಅಂತ ಬೇಡುವ ರೂಢಿ ಇದೆ. ಅವರು ಒಳ್ಳೆಯ ಮರಣದ ಪಾಲಕರು. ಆದ್ದರಿಂದ ಮೇಷ್ಟ್ರು ಹೇಳಿದ್ದು ನಮಗೂ ಹೊಸದಲ್ಲ. ಆದರೆ ನೀವು ಕೇಳುತ್ತಿರುವುದು ಬೇರೆ. ಬೇಡಿಕೆಯಲ್ಲಿ ನನ್ನ ಸ್ವಾರ್ಥವೂ ಬೆರೆತಿತ್ತು ಅಂತೀರಿ. ಬೆರೆತಿತ್ತು ಅಕ್ಕಾ. ನನ್ನದರಲ್ಲೂ ಬೆರೆತಿತ್ತು. ಸೋಸಿ, ಕಲ್ಲು ಆರಿಸಿ ಶುದ್ಧ ಮಾಡಿದ ಮೇಲೆ ಪ್ರಾರ್ಥನೆ ಮಾಡಬೇಕು ಅಂದರೆ ರೋಗಿಯ ಪಕ್ಕ ಕೂತವರು ಯಾರೂ ಬಾಯಿ ತೆರೆಯುವ ಹಾಗೇ ಇಲ್ಲ.

ಒಂದು ವಿಷಯ ಹೇಳಿ ಮುಗಿಸುತ್ತೇನೆ. ಪ್ರತಿ ಬಲಿಪೂಜೆಯಲ್ಲಿ ಪರಮಪ್ರಸಾದ ತೆಗೆದುಕೊಳ್ಳುವ ಮೊದಲು ನಾವೆಲ್ಲ ಒಟ್ಟಿಗೆ ಹೇಳುವ ಮಾತಿದೆ. ಪ್ರಭುವೇ, ನೀವು ನನ್ನಲ್ಲಿಗೆ ಬರಲು ನಾನು ಯೋಗ್ಯಳಲ್ಲ, ನೀವು ಒಂದು ಮಾತು ಹೇಳಿದರೆ ಸಾಕು, ನಾನು ಗುಣವಾಗುತ್ತೇನೆ ಅಂತ ಅದರ ಅರ್ಥ. ಮತ್ತಾಯನ ಸುವಾರ್ತೆಯಲ್ಲಿ ಒಬ್ಬ ರೋಮನ್ ಸೇನಾಧಿಕಾರಿ ತನ್ನ ಸೇವಕನ ಕಾಯಿಲೆಗಾಗಿ ಬಂದು ಆಡಿದ ಮಾತು ಅದು. ನಮ್ಮ ಜೊತೆ ಫಾದರ್ ಕೂಡ ಅದನ್ನು ಹೇಳುತ್ತಾರೆ, ಬಿಷಪ್ ಬಂದರೆ ಅವರೂ ಹೇಳುತ್ತಾರೆ. ಹೇಳಿ ಯಾರೂ ಮನೆಗೆ ಹೋಗುವುದಿಲ್ಲ. ಎದ್ದು ಸಾಲಿನಲ್ಲಿ ನಿಲ್ಲುತ್ತೇವೆ. ಯೋಗ್ಯಳಲ್ಲ ಅಂತ ಹೇಳಿದ ಬಾಯಲ್ಲೇ ಪ್ರಸಾದ ತೆಗೆದುಕೊಳ್ಳುತ್ತೇವೆ. ಚಿಕ್ಕಂದಿನಿಂದ ಗಿಣಿಪಾಠ ಒಪ್ಪಿಸಿದ ಹಾಗೆ ಹೇಳಿದ್ದೆ. ಅಮ್ಮ ಹಾಸಿಗೆ ಹಿಡಿದ ಮೇಲೆ ಅದು ಕಿವಿಗೆ ಬಿತ್ತು.

ನೀವು ಉಕ್ಕಡಗಾತ್ರಿಯಲ್ಲಿ ಸಾಲು ಬಿಟ್ಟು ಬಂದದ್ದು ಓದಿದಾಗ ನನಗೆ ನೆನಪಾದದ್ದು ಇದು. ಸೆಪ್ಟೆಂಬರ್ 8ಕ್ಕೆ ನಮ್ಮಲ್ಲಿ ಆರೋಗ್ಯ ಮಾತೆಯ ಹಬ್ಬ. ಎಲ್ಲಾ ಜಾತಿಯವರೂ ಬರುತ್ತಾರೆ, ಊಟಕ್ಕೆ ನಮ್ಮ ಮನೆಗೆ ಬನ್ನಿ. ಗುಡಿಯೊಳಗೆ ಬರದಿದ್ದರೂ ಪರವಾಗಿಲ್ಲ.

ಚಳ್ಳಕೆರೆ ಗಾಣ:

ನಾನು ಕೊಬ್ಬರಿ ಸುಡಿ ಅಂದು ಕೈ ತೊಳೆದುಕೊಂಡಿದ್ದೆ. ಇಷ್ಟೆಲ್ಲ ಇದೆ ಅಂತ ಗೊತ್ತಾಗಲಿಲ್ಲ ಅಕ್ಕಾ.

ನಿಟ್ಟುವಳ್ಳಿಯವಳು:

ಎಲ್ಲರಿಗೂ ನಮಸ್ಕಾರ. ತಡವಾಗಿ ಬರೆಯುತ್ತಿದ್ದೇನೆ.

ಮೊದಲು 14416ಕ್ಕೆ ಫೋನ್ ಮಾಡಿದೆ, ರಾತ್ರಿ, ಎಲ್ಲರೂ ಮಲಗಿದ ಮೇಲೆ. ಕನ್ನಡದಲ್ಲೇ ಮಾತಾಡಿದರು. ಆಮೇಲೆ ಆಸ್ಪತ್ರೆಗೆ ಹೋದೆ. ಡಾಕ್ಟರ್ ನನ್ನ ಮಗಳಿಗಿಂತ ಸ್ವಲ್ಪ ದೊಡ್ಡ ಹುಡುಗಿ. ಕೇಳಿದ್ದಕ್ಕೆಲ್ಲ ಹೇಳಿದೆ, ಆ ಹಗುರ ಅನ್ನಿಸಿದ ಕ್ಷಣದ ವಿಷಯವೂ ಹೇಳಿದೆ. ಬಹಳ ದಿನ ರೋಗಿಯನ್ನು ನೋಡಿಕೊಂಡವರಿಗೆ ಹಾಗೆ ಆಗುವುದು ಸಾಮಾನ್ಯ ಅಂದರು. ಮಾತ್ರೆ ಕೊಟ್ಟಿದ್ದಾರೆ. ಗುಣ ಕಾಣಲು ಕೆಲವು ವಾರ ಹಿಡಿಯುತ್ತದೆ, ನಡುವೆ ಬಿಡಬೇಡಿ ಅಂದಿದ್ದಾರೆ.

ಇನ್ನೊಂದು ಆಯಿತು. ಅತ್ತೆ ಜೋಳ ಹಸನು ಮಾಡುತ್ತಿದ್ದರು. ಪಕ್ಕ ಕೂತು ಎಲ್ಲಾ ಹೇಳಿಬಿಟ್ಟೆ. ಶನಿವಾರ ರಾತ್ರಿ ಲಿಂಗ ಹಿಡಿದು ಏನು ಕೇಳಿದೆ ಅಂತ. ಅವರು ಮೊರದಿಂದ ತಲೆ ಎತ್ತಲಿಲ್ಲ. "ನಡುವೆ ಇರೋ ಗೋಡೆ ಎಷ್ಟು ದಪ್ಪ ಅಂದ್ಕೊಂಡಿದೀಯ? ಅವತ್ತೇ ಕೇಳಿಸ್ತು" ಅಂದರು. ಮತ್ತೆ ಯಾಕೆ ಏನೂ ಅನ್ನಲಿಲ್ಲ ಅಂದೆ. "ಏನಂತ ಅನ್ಲಿ? ಅವನು ನರಳೋದೂ ಅದೇ ಗೋಡೆಯಿಂದ ಕೇಳಿಸ್ತಿತ್ತಲ್ಲ" ಅಂದರು. ಅಷ್ಟೇ. ಕಲ್ಲು ಆರಿಸುವುದು ಮುಂದುವರಿಸಿದರು. ಮಾತು ಕಡಿಮೆ ಅವರದು.

ನಾನು ಎದ್ದು ಹೋಗಿ ಮಷೀನಿನ ಮುಂದೆ ಕೂತೆ. ಹೊಲಿಗೆ ಓಡಲಿಲ್ಲ. ಒಂದು ವರ್ಷದ ಮೇಲಾಯಿತು, ಅವರಿಗೆ ಗೊತ್ತಿದ್ದೇ ನಾನು ಬಡಿದ ರೊಟ್ಟಿ ತಿಂದಿದ್ದಾರೆ. ನಾನು ಕಾಯಿಸಿದ ನೀರಲ್ಲಿ ಸ್ನಾನ ಮಾಡಿದ್ದಾರೆ. ನಾನು ತಂದಿಟ್ಟ ಪತ್ರೆಯನ್ನೇ ಲಿಂಗಕ್ಕೆ ಏರಿಸಿದ್ದಾರೆ. ಹೆತ್ತ ಮಗನ ವಿಷಯ ಅದು. ನಾನು ಮಾತ್ರ ಅಡುಗೆಮನೆಗೆ ಓಡಿ ಹೋಗುತ್ತಿದ್ದೆ.

ಹೋದ ಸೋಮವಾರ ಕರಡಿಗೆ ತೆರೆದೆ ಮೇಷ್ಟ್ರೇ. ಮುಚ್ಚಳ ಬಿಗಿದುಹೋಗಿತ್ತು, ಮಷೀನಿಗೆ ಬಿಡುವ ಎಣ್ಣೆ ಒಂದು ಹನಿ ಬಿಡಬೇಕಾಯಿತು. ಅವತ್ತು ಹಚ್ಚಿದ ವಿಭೂತಿ ಹಾಗೇ ಒಣಗಿ ಬಿರುಕು ಬಿಟ್ಟಿತ್ತು. ತೊಳೆದು ಅಂಗೈಯಲ್ಲಿ ಇಟ್ಟುಕೊಂಡೆ. ಬೇಡುವುದು ಏನೂ ಬೇಡಲಿಲ್ಲ, ಇನ್ನೂ ಧೈರ್ಯ ಇಲ್ಲ. ಸ್ವಲ್ಪ ಬೈದೆ. ಬೈದ ಮೇಲೆ ಅತ್ತೆಯ ಪಕ್ಕದಲ್ಲೇ ಕೂತು ಪೂಜೆ ಮುಗಿಸಿದೆ. ಎಲ್ಲಾ ಸರಿಹೋಯಿತು ಅಂತ ಹೇಳುವುದಿಲ್ಲ. ಸೋಮವಾರದ ಬೆಳಗಿನ ಜಾವ ಈಗಲೂ ಕೈ ತಾನಾಗಿ ಪಕ್ಕಕ್ಕೆ ಹೋಗುತ್ತದೆ.

ಹರಿಹರದ ತಂಗೀ, ಹಬ್ಬಕ್ಕೆ ಬರುತ್ತೇನೆ. ಅತ್ತೆಯನ್ನೂ ಕರೆದುಕೊಂಡು ಬರುತ್ತೇನೆ. ಅವರು ಮೊಟ್ಟೆಯನ್ನೂ ಮುಟ್ಟುವುದಿಲ್ಲ, ಮೊದಲೇ ಹೇಳಿರುತ್ತೇನೆ.

ಸಿಸ್ಟರ್, ಒಂದು ಕೇಳುವುದಿತ್ತು. ಮಾತ್ರೆ ತೆಗೆದುಕೊಂಡ ಮೇಲೆ ಮಧ್ಯಾಹ್ನ ಮಷೀನಿನ ಮುಂದೆ ತೂಕಡಿಕೆ ಬರುತ್ತದೆ. ಬೆರಳಿಗೆ ಸೂಜಿ ಚುಚ್ಚೀತು ಅಂತ ಭಯ. ಅರ್ಧ ಮಾತ್ರೆ ಮಾಡಿಕೊಳ್ಳಲಾ?

ಹೊಳೆದಂಡೆ:

ಅತ್ತೆಗೆ ಬೇರೆ ಪಾತ್ರೆಯಲ್ಲೇ ಅನ್ನ ಸಾರು ಮಾಡುತ್ತೇನೆ ಅಕ್ಕಾ. ಖಂಡಿತ ಬನ್ನಿ.

ದುರ್ಗದ ಮೇಷ್ಟ್ರು:

ಬೈದದ್ದು ಒಳ್ಳೆಯದಾಯಿತು ತಂಗೀ. ಬೈಯುವುದು ಮಾತು ಬಿಟ್ಟವರ ಲಕ್ಷಣ ಅಲ್ಲ.

ಪಾಳಿ ಸಿಸ್ಟರ್:

ಅರ್ಧ ಗಿರ್ಧ ನೀವಾಗಿ ಮಾಡಬೇಡಿ ಅಕ್ಕಾ. ಶುರುವಿನಲ್ಲಿ ಕೆಲವರಿಗೆ ತೂಕಡಿಕೆ ಬರುತ್ತದೆ, ಬರುಬರುತ್ತಾ ಕಡಿಮೆ ಆಗುತ್ತದೆ. ಕೆಲವು ಮಾತ್ರೆಗಳನ್ನು ರಾತ್ರಿ ತೆಗೆದುಕೊಳ್ಳಿ ಅನ್ನುತ್ತಾರೆ, ಕೆಲವನ್ನು ಬೆಳಗ್ಗೆ. ನಿಮ್ಮದು ಯಾವುದು ಅಂತ ನನಗೆ ಗೊತ್ತಿಲ್ಲ, ಆ ಡಾಕ್ಟರಿಗೇ ಫೋನ್ ಮಾಡಿ ಹೊತ್ತು ಬದಲಾಯಿಸಬಹುದಾ ಕೇಳಿ. ಚೀಟಿ ತೋರಿಸಲು ಹೇಳಿದ ದಿನ ತಪ್ಪಿಸಬೇಡಿ. ಅಲ್ಲಿಯವರೆಗೆ ತೂಕಡಿಕೆ ಬರುವ ಹೊತ್ತಿನಲ್ಲಿ ಮೋಟಾರ್ ಮಷೀನ್ ಬೇಡ, ಹುಕ್ಸ್ ಹಚ್ಚುವ ಕೈಕೆಲಸ ಇಟ್ಟುಕೊಳ್ಳಿ.

ಮತ್ತೆ ನಿಮ್ಮ ಅಂಗಡಿ ನಿಟ್ಟುವಳ್ಳಿಯಲ್ಲಿ ಎಲ್ಲಿ ಬರುತ್ತದೆ? ಮೆಸೇಜ್ ಹಾಕಿ. ತಂಗಿ ಮದುವೆಗೆ ಬ್ಲೌಸ್ ಹೊಲಿಸಬೇಕು, ಅವಸರ ಇಲ್ಲ.